ನೆರವಿ, ನೆರೆ, ನೆರವು
(ಬಾನುಲಿ ಭಾಷಣ)

ಕನ್ನಡದಲ್ಲಿ 'ನೆರೆ' ಎಂಬ ಹಳೆಯ ಧಾತುವೊಂದಿದೆ. ಕೂಡು, ಸೇರು, ಒಟ್ಟುಗೂಡು ಎಂಬುದು ಅದರ ಅರ್ಥ. ಸಂತೆಯಲ್ಲಿ ಜನ ನೆರೆದಿದ್ದಾರೆ ಎಂದು ನಾವು ಇಂದಿಗೂ ಹೇಳುತ್ತೇವೆ. ಹಾಗೆ ನೆರೆದ ಜನಸಮೂಹಕ್ಕೆ ಹಳಗನ್ನಡದ ಕವಿಗಳು 'ನೆರವಿ' ಎಂದರು. ಕಷ್ಟದಲ್ಲಿರುವವನ ಜೊತೆಗೂಡಿ ಕೈಹಿಡಿಯುವುದು 'ನೆರವು'. ಮಗ್ಗುಲ ಮನೆಯಲ್ಲಿರುವವನು 'ನೆರೆಯವನು'. ಈ ಮೂರು ಮಾತುಗಳೂ ಒಂದೇ ಮನೆಯ ಮಕ್ಕಳಂತೆ ನಮ್ಮ ಭಾಷೆಯಲ್ಲಿ ಬಾಳಿಕೊಂಡು ಬಂದಿವೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ತಮ್ಮ ಮಹಾನಿಘಂಟಿನಲ್ಲಿ ಇಂಥ ಸಾವಿರಾರು ಮಾತುಗಳ ಸಂಸಾರವನ್ನು ಗುರುತಿಸಿಟ್ಟ ಫರ್ಡಿನಂಡ್ ಕಿಟ್ಟೆಲ್ ಬಾಸೆಲ್ ಮಿಷನ್ನಿನ ಪಾದ್ರಿಗಳು. ಒಂದು ನೆರವಿಯನ್ನು ಕಟ್ಟಿ ನಡೆಸಲೆಂದು ಬಂದವರು ಕನ್ನಡಿಗರೆಲ್ಲರಿಗೂ ನೆರವಾಗಿ ಹೋದರು.

ಈ ಹೊತ್ತು ನಾನು ಮಾತನಾಡಬೇಕೆಂದಿರುವುದು ಅಂಥ ಒಂದು ನೆರವಿಯ ವಿಚಾರವನ್ನೇ. ಚರ್ಚು ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಗೋಪುರ, ಗಂಟೆ, ಶಿಲುಬೆ. ಆದರೆ ಕನ್ನಡ ಕ್ರೈಸ್ತರು ಅದನ್ನು 'ಸಭೆ' ಎಂದು ಕರೆಯುತ್ತಾರೆ. ಕಟ್ಟಡಕ್ಕಿಂತ ಅದರೊಳಗೆ ಕೂಡುವ ಜನ ಮುಖ್ಯ ಎಂಬ ಅರ್ಥ ಆ ಹೆಸರಿನಲ್ಲಿಯೇ ಇದೆ. ಈ ಸಭೆಯು ತನ್ನ ಸುತ್ತಲಿನ ದೀನರಿಗೆ, ರೋಗಿಗಳಿಗೆ, ದಿಕ್ಕಿಲ್ಲದವರಿಗೆ ಯಾವ ಯಾವ ರೀತಿಯಲ್ಲಿ ನೆರವಾಗಬಹುದು? ನಾನು ಆ ಸಭೆಗೆ ಸೇರಿದವನಲ್ಲ. ಮಂಡ್ಯ ತಾಲ್ಲೂಕಿನ ದುದ್ದ ಹೋಬಳಿಯ ಒಕ್ಕಲು ಮನೆಯೊಂದರಲ್ಲಿ ಹುಟ್ಟಿ, ಕನ್ನಡ ಪಾಠ ಹೇಳಿ ನಿವೃತ್ತನಾದವನು. ಆದುದರಿಂದ ಒಳಗಿನವನಾಗಿ ಉಪದೇಶ ಮಾಡುವ ಅಧಿಕಾರ ನನಗಿಲ್ಲ. ನೆರೆಯವನಾಗಿ ಎರಡು ಮಾತು ಹೇಳುವ ಸಲಿಗೆ ಮಾತ್ರ ಇದೆ.

ಮೊದಲು ಅವರ ಗ್ರಂಥದಿಂದಲೇ ಹೊರಡೋಣ. ಹೊಸ ಒಡಂಬಡಿಕೆಯಲ್ಲಿ ಅಪೊಸ್ತಲರ ಕೃತ್ಯಗಳು ಎಂಬ ಭಾಗವಿದೆ. ಅದರ ಆರನೆಯ ಅಧ್ಯಾಯದಲ್ಲಿ ಒಂದು ಸಣ್ಣ ಜಗಳದ ಕಥೆ ಬರುತ್ತದೆ. ಜೆರೂಸಲೇಮಿನ ಆದಿ ಸಭೆಯಲ್ಲಿ ದಿನವೂ ವಿಧವೆಯರಿಗೆ ಆಹಾರ ಹಂಚುವ ಪದ್ಧತಿಯಿತ್ತು. ಗ್ರೀಕ್ ಭಾಷೆಯನ್ನಾಡುವ ಪಂಗಡದವರು, ತಮ್ಮ ವಿಧವೆಯರನ್ನು ಹಂಚುವವರು ಲೆಕ್ಕಕ್ಕೆ ಹಿಡಿಯುತ್ತಿಲ್ಲವೆಂದು ಗೊಣಗಿದರು. ಸಭೆಯ ಹಿರಿಯರು ಆ ದೂರನ್ನು ತಳ್ಳಿಹಾಕಲಿಲ್ಲ. ಏಳು ಮಂದಿಯನ್ನು ಆರಿಸಿ ಹಂಚಿಕೆಯ ಹೊಣೆಯನ್ನು ಅವರಿಗೆ ಒಪ್ಪಿಸಿದರು. ಆ ಏಳು ಮಂದಿಯ ಹೆಸರುಗಳೂ ಗ್ರೀಕ್ ಹೆಸರುಗಳೇ ಎಂಬುದನ್ನು ಪಂಡಿತರು ಗಮನಿಸಿದ್ದಾರೆ. ಎಂದರೆ ದೂರು ಹೇಳಿದವರ ಕಡೆಯವರ ಕೈಗೇ ಸೌಟನ್ನು ಕೊಟ್ಟಂತಾಯಿತು. ಕ್ರೈಸ್ತ ಸಭೆಯ ಸೇವಾವ್ಯವಸ್ಥೆ ಹುಟ್ಟಿದ್ದು ಹೀಗೆ: ಯಾರಿಗೆ ಕೊಟ್ಟೆವು ಎಂಬ ಹೆಮ್ಮೆಯಿಂದಲ್ಲ, ಯಾರನ್ನು ಬಿಟ್ಟೆವು ಎಂಬ ಪ್ರಶ್ನೆಯಿಂದ.

ಈ ಪ್ರಶ್ನೆಯನ್ನು ಕೈಯಲ್ಲಿ ಹಿಡಿದುಕೊಂಡು ನಮ್ಮ ನಾಡಿನ ಚರಿತ್ರೆಯನ್ನು ಸ್ವಲ್ಪ ತಿರುವಿ ನೋಡಬಹುದು.

ಮಂಡ್ಯ ಜಿಲ್ಲೆಯವರಿಗೆ ಹತ್ತಿರದ ಉದಾಹರಣೆ ಶ್ರೀರಂಗಪಟ್ಟಣದ ಕಡೆಯದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಚೆದುರಿಹೋಗಿದ್ದ ಕ್ರೈಸ್ತ ಕುಟುಂಬಗಳನ್ನು ಮತ್ತೆ ಕೂಡಿಸಲು ಬಂದವರು ಆಬೆ ದ್ಯುಬ್ವಾ ಎಂಬ ಫ್ರೆಂಚ್ ಪಾದ್ರಿಗಳು. ಇವರು ಹಿಂದೂಗಳ ಆಚಾರ ವಿಚಾರಗಳನ್ನು ಕುರಿತು ಬರೆದರೆಂದು ಪ್ರಸಿದ್ಧವಾದ ಪುಸ್ತಕದ ಬಗ್ಗೆ ನಮ್ಮವರಿಗೆ ತಕರಾರುಗಳಿವೆ. ಅದರ ಬಹುಭಾಗ ಇನ್ನೊಬ್ಬ ಪಾದ್ರಿಯ ಹಸ್ತಪ್ರತಿಯಿಂದ ಬಂದದ್ದೆಂದು ಸಂಶೋಧಕರು ತೋರಿಸಿಯೂ ಇದ್ದಾರೆ. ಆ ಪುಸ್ತಕ ಪಕ್ಕಕ್ಕಿರಲಿ. ಅವರ ಎರಡು ಕೆಲಸಗಳು ಇಲ್ಲಿ ಮುಖ್ಯ. ಒಂದು, ನೆಲೆ ತಪ್ಪಿದ ಕುಟುಂಬಗಳಿಗೆ ಹಾಸನದ ಬಳಿಯ ಸತ್ತಿಹಳ್ಳಿಯ ಕಡೆ ಬೇಸಾಯದ ನೆಲೆ ಕಲ್ಪಿಸಿದ್ದು. ಅವರು ಆ ಕುಟುಂಬಗಳಿಗೆ ಉಳುವ ನೆಲವನ್ನು ಹುಡುಕಿಕೊಟ್ಟರು. ಎರಡು, ಸಿಡುಬಿಗೆ ದೇವಿ ಹಾಕುವ ಕೆಲಸ. ಜೆನ್ನರನ ಹೊಸ ಲಸಿಕೆ 1802ರಲ್ಲಿ ಮುಂಬಯಿಗೆ ಬಂದಿತ್ತು. ಹಸುವಿನ ಕಾಯಿಲೆಯ ಕೀವನ್ನು ಮಗುವಿನ ತೋಳಿಗೆ ಚುಚ್ಚುವುದೆಂದರೆ ಯಾವ ತಾಯಿ ಒಪ್ಪಿಯಾಳು? 1803 ಮತ್ತು 1804ರ ನಡುವಿನ ಕೆಲವೇ ತಿಂಗಳುಗಳಲ್ಲಿ ದ್ಯುಬ್ವಾ ಅವರ ಮೇಲ್ವಿಚಾರಣೆಯಲ್ಲಿ 25,000ಕ್ಕೂ ಹೆಚ್ಚು ಜನರಿಗೆ ಲಸಿಕೆ ಹಾಕಲಾಯಿತೆಂದು ದಾಖಲೆಯಿದೆ. ಸರ್ಕಾರದ ಅಪ್ಪಣೆಗೆ ಬಗ್ಗದ ಜನ ಪರಿಚಿತನ ಮಾತಿಗೆ ಒಪ್ಪುತ್ತಾರೆ.

ಈ ದ್ಯುಬ್ವಾ 1823ರಲ್ಲಿ ತಾಯ್ನಾಡಿಗೆ ಹಿಂದಿರುಗಿದರು. ಅದೇ ವರ್ಷ ಪ್ರಕಟವಾದ ತಮ್ಮ ಪತ್ರಗಳಲ್ಲಿ ಅವರು, ಹಿಂದೂಗಳನ್ನು ಮತಾಂತರಿಸುವ ಪ್ರಯತ್ನ ಫಲಿಸುವುದಿಲ್ಲವೆಂಬ ತಮ್ಮ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟರು. ಮೂವತ್ತೊಂದು ವರ್ಷ ದುಡಿದ ಪಾದ್ರಿಯೊಬ್ಬರು ತಮ್ಮ ಮುಖ್ಯೋದ್ದೇಶವೇ ಕೈಗೂಡಲಿಲ್ಲವೆಂದು ಒಪ್ಪಿಕೊಂಡು ಹೋದರು. ಆದರೆ ಆ 25,000 ತೋಳುಗಳ ಮೇಲಿನ ಗುರುತು ಉಳಿಯಿತು. ಸಿಡುಬಿನಿಂದ ಬದುಕಿಕೊಂಡ ಮಗು ಯಾವ ಗುಡಿಗೆ ಹೋಯಿತು ಎಂಬುದನ್ನು ಯಾರೂ ಲೆಕ್ಕವಿಡಲಿಲ್ಲ, ಇಡಬೇಕಾಗಿಯೂ ಇರಲಿಲ್ಲ.

ಇನ್ನೊಂದು ಚಿತ್ರ ಇಷ್ಟು ಸರಳವಾದದ್ದಲ್ಲ. 1876ರಿಂದ 1878ರವರೆಗೆ ಮೈಸೂರು ಸಂಸ್ಥಾನವನ್ನು ಹಿಂಡಿದ ಧಾತು ಈಶ್ವರ ಸಂವತ್ಸರಗಳ ಬರ ನಮ್ಮ ಅಜ್ಜಿಯರ ಬಾಯಲ್ಲಿ ಬಹುಕಾಲ ಉಳಿದಿತ್ತು. 1871ರ ಜನಗಣತಿಯಲ್ಲಿ 50 ಲಕ್ಷಕ್ಕೂ ಮೇಲಿದ್ದ ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ 42 ಲಕ್ಷದ ಕೆಳಕ್ಕೆ ಇಳಿದಿತ್ತು. ತಂದೆ ತಾಯಿಗಳಿಬ್ಬರನ್ನೂ ಕಳೆದುಕೊಂಡ ಮಕ್ಕಳು ದಾರಿಯುದ್ದಕ್ಕೂ ಬಿದ್ದಿದ್ದ ಆ ಕಾಲದಲ್ಲಿ ವೆಸ್ಲಿಯನ್ ಮಿಷನ್ನಿನವರು ತುಮಕೂರಿನಲ್ಲಿ ಹುಡುಗರಿಗೂ ಹಾಸನದಲ್ಲಿ ಹುಡುಗಿಯರಿಗೂ ಅನಾಥಾಲಯಗಳನ್ನು ತೆರೆದರು. ಇಲ್ಲವಾದರೆ ಸಾಯುತ್ತಿದ್ದ ಮಕ್ಕಳು ಬದುಕಿದರು, ಅಕ್ಷರ ಕಲಿತರು, ಕಸಬು ಕಲಿತರು. ಜೊತೆಗೆ ಅವರು ಸಾಕಿದವರ ಮತದವರೂ ಆದರು. ಹಸಿದ ಮಗುವಿಗೆ ಆಯ್ಕೆಯೆಂಬುದು ಎಲ್ಲಿಯದು ಎಂದು ಅಂದಿನವರೂ ಕೇಳಿದರು, ಇಂದಿನವರೂ ಕೇಳುತ್ತಾರೆ. ಅದು ನ್ಯಾಯವಾದ ಪ್ರಶ್ನೆ. ಆದರೆ ಅದನ್ನು ಕೇಳುವ ನಮ್ಮಂಥವರು ಎದುರಿಸಬೇಕಾದ ಇನ್ನೊಂದು ಪ್ರಶ್ನೆಯೂ ಇದೆ: ಆ ಮಕ್ಕಳು ರಸ್ತೆಯಲ್ಲಿ ಬಿದ್ದಿದ್ದಾಗ ಉಳಿದ ನೆರವಿಗಳು ಎಲ್ಲಿದ್ದವು? ಛತ್ರಗಳಿದ್ದವು, ಗಂಜಿಕೇಂದ್ರಗಳಿದ್ದವು, ಉದಾರಿಗಳಾದ ಸಾಹುಕಾರರೂ ಇದ್ದರು. ಆದರೂ ಅನೇಕ ಮಕ್ಕಳು ಯಾರ ಲೆಕ್ಕಕ್ಕೂ ಸಿಗದೆ ಹೋದರು. ಈ ಎರಡು ಪ್ರಶ್ನೆಗಳನ್ನೂ ಒಟ್ಟಿಗೆ ನೆನಪಿಟ್ಟುಕೊಂಡಾಗ ಮಾತ್ರ ಸೇವೆಯ ಮಾತಿಗೆ ಪ್ರಾಮಾಣಿಕತೆ ಬರುತ್ತದೆ.

ಕರಾವಳಿಯ ಬಾಸೆಲ್ ಮಿಷನ್ನಿನವರು ಮೂರನೆಯ ದಾರಿಯೊಂದನ್ನು ತುಳಿದರು. 1834ರಲ್ಲಿ ಮಂಗಳೂರಿಗೆ ಬಂದ ಅವರು ಬಹು ಬೇಗ ಒಂದು ಕಷ್ಟವನ್ನು ಕಂಡರು. ಸಭೆಗೆ ಸೇರಿದವನನ್ನು ಜಾತಿಯವರು ಹೊರಹಾಕುತ್ತಿದ್ದರು, ಒಡೆಯ ಗೇಣಿಯ ನೆಲ ಬಿಡಿಸುತ್ತಿದ್ದ, ಕುಲಕಸಬು ಕೈಬಿಡುತ್ತಿತ್ತು. ಅವನಿಗೆ ತಿಂಗಳು ತಿಂಗಳು ಅಕ್ಕಿ ಅಳೆದುಕೊಟ್ಟರೆ ಅವನು ಜೀವನಪರ್ಯಂತ ಕೈಚಾಚುವವನಾಗುತ್ತಾನೆ. ಆದ್ದರಿಂದ ಅವರು ಮಗ್ಗಗಳನ್ನು ಹೂಡಿದರು. 1865ರಲ್ಲಿ ಜಾರ್ಜ್ ಪ್ಲೆಬ್‌ಸ್ಟ್ ಎಂಬುವರು ನೇತ್ರಾವತಿಯ ಜೇಡಿಮಣ್ಣಿನಿಂದ ಹೆಂಚು ಸುಡುವ ಕಾರ್ಖಾನೆಯನ್ನು ಆರಂಭಿಸಿದರು. ಇಂದಿಗೂ ಮಂಗಳೂರು ಹೆಂಚೆಂದು ನಾವು ಕರೆಯುವ ಆ ಕೆಂಪು ಹೆಂಚು ಒಂದು ಸಭೆ ತನ್ನ ನಿರ್ಗತಿಕರಿಗೆ ಹುಡುಕಿದ ಅನ್ನದ ದಾರಿ. ಮಂಡ್ಯ ಕಡೆಯ ಎಷ್ಟೋ ಹಳೆಯ ತೊಟ್ಟಿಮನೆಗಳ ಮೇಲೆ ಆ ಹೆಂಚು ಇನ್ನೂ ಕುಳಿತಿದೆ. ಆದರೆ ಇಲ್ಲಿಯೂ ಒಂದು ತೊಡಕು ಉಂಟಾಯಿತು. ಕೆಲಸ ಕೊಡುವವರೂ ಉಪದೇಶ ಮಾಡುವವರೂ ಒಬ್ಬರೇ ಆದಾಗ ಕೂಲಿಯವನಿಗೆ ಇಬ್ಬರು ಒಡೆಯರು ಒಂದೇ ದೇಹದಲ್ಲಿ ಸಿಕ್ಕಂತಾಯಿತು. ಮೊದಲನೆಯ ಮಹಾಯುದ್ಧ ಬಂದು ಜರ್ಮನರನ್ನು ಸೆರೆಯಲ್ಲಿಟ್ಟಾಗ ಕಾರ್ಖಾನೆಗಳು ಬೇರೆಯವರ ವಶಕ್ಕೆ ಹೋದವು. ಆದರೂ ಕಸಬು ಕೈಯಲ್ಲಿ ಕಲಿತವನಿಗೆ ಆ ಕಸಬು ಉಳಿಯಿತು.

ಇನ್ನು ಯಾರೂ ಮುಟ್ಟಲು ಒಪ್ಪದವರ ಸೇವೆ. ಮಂಗಳೂರಿನ ಕಂಕನಾಡಿಯಲ್ಲಿ ಜೆಸ್ಯುಯಿಟ್ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ತೊಡಗಿದ ಹೋಮಿಯೋಪತಿ ಔಷಧಾಲಯ ಮುಂದೆ ಕುಷ್ಠರೋಗಿಗಳಿಗೂ ಪ್ಲೇಗು ತಗುಲಿದವರಿಗೂ ಆಶ್ರಯವಾಯಿತು. ಇಂದು ಅದೇ ದೊಡ್ಡ ವೈದ್ಯಕೀಯ ಕಾಲೇಜಾಗಿ ಬೆಳೆದಿದೆ. ಮೈಸೂರಿನಲ್ಲಿ 1906ರಲ್ಲಿ ತೆರೆದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ನಮ್ಮ ಕಡೆಯ ಜನ ಆ ಹೆಸರಿನಿಂದ ಕರೆದದ್ದೇ ಇಲ್ಲ; ಅವರಿಗೆ ಅದು 'ಮಿಷನ್ ಆಸ್ಪತ್ರೆ'. ಗಂಡಸು ವೈದ್ಯರೆದುರು ಬಾಯಿ ಬಿಡಲು ನಾಚುತ್ತಿದ್ದ ಹೆಣ್ಣುಮಕ್ಕಳ ಹೆರಿಗೆಗೆ ಅದು ದಾರಿಯಾಯಿತು. ಬೆಂಗಳೂರಿನ ಮಾಗಡಿ ರಸ್ತೆಯ ಸುಮನಹಳ್ಳಿಯಲ್ಲಿ, 1970ರ ದಶಕದ ಕೊನೆಯಲ್ಲಿ, ಭಿಕ್ಷೆ ಬೇಡುತ್ತಿದ್ದ ಕುಷ್ಠರೋಗಿಗಳಿಗಾಗಿ ಸರ್ಕಾರ ಜಾಗ ಕೊಟ್ಟಿತು, ಕ್ಯಾಥೊಲಿಕ್ ಧರ್ಮಪ್ರಾಂತ್ಯ ಜನರನ್ನು ಕೊಟ್ಟಿತು. ಅಲ್ಲಿ ಚಿಕಿತ್ಸೆಯ ಜೊತೆಗೆ ಕಸಬನ್ನೂ ಕಲಿಸಿದರು.

ಕೇಳುಗ ಮಿತ್ರರೆ, ಇವೆಲ್ಲ ದೊಡ್ಡ ಕೆಲಸಗಳು. ಇಂಥ ಉದಾಹರಣೆಗಳನ್ನು ಕೇಳಿದ ಸಣ್ಣ ಊರಿನ ಸಭೆಯೊಂದು, ನಮ್ಮಿಂದ ಆಸ್ಪತ್ರೆ ಕಟ್ಟಲಾದೀತೆ, ಹೆಂಚಿನ ಕಾರ್ಖಾನೆ ತೆರೆಯಲಾದೀತೆ ಎಂದು ನಿಟ್ಟುಸಿರುಬಿಡಬಹುದು. ಆದರೆ ಕಾಲ ಬದಲಾಗಿದೆ. ಇಂದು ಮಂಡ್ಯದಲ್ಲಿ 2006ರಲ್ಲಿ ಆರಂಭವಾದ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ಹಳ್ಳಿ ಹಳ್ಳಿಗೂ ಶಾಲೆಯಿದೆ, ಪಡಿತರವಿದೆ, ಮುದುಕರಿಗೆ, ವಿಧವೆಯರಿಗೆ, ಅಂಗವಿಕಲರಿಗೆ ಮಾಸಾಶನಗಳಿವೆ. ಅಂದು ಸಭೆಗಳು ಕಟ್ಟಿದ್ದನ್ನು ಇಂದು ಸರ್ಕಾರ ಕಟ್ಟುತ್ತಿದೆ, ಕಟ್ಟಬೇಕಾದದ್ದೂ ಸರ್ಕಾರವೇ. ಹಾಗಾದರೆ ಸಭೆಗೆ ಉಳಿದ ಕೆಲಸವೇನು?

ಉತ್ತರ ಸಭೆಯ ಸ್ವಭಾವದಲ್ಲಿಯೇ ಇದೆ. ಪ್ರತಿ ಭಾನುವಾರ, ಅದೇ ಹೊತ್ತಿಗೆ, ಅದೇ ಜಾಗದಲ್ಲಿ, ಅವೇ ಜನ ಕೂಡುತ್ತಾರೆ. ಹೀಗೆ ಕೂಡುವುದರಿಂದ ಅವರಿಗೆ ಒಂದು ಸಂಗತಿ ತಾನಾಗಿ ತಿಳಿಯುತ್ತದೆ: ಈ ವಾರ ಯಾರು ಬರಲಿಲ್ಲ. ಮೂರನೆಯ ಸಾಲಿನ ಅಂಚಿನಲ್ಲಿ ಕೂರುವ ಮುದುಕಿ ಕಾಣಲಿಲ್ಲವೆಂದರೆ ಪ್ರಾರ್ಥನೆ ಮುಗಿದ ಮೇಲೆ ಯಾರಾದರೊಬ್ಬರು ಅವಳ ಮನೆಗೆ ಹೋಗಿ ಬರುತ್ತಾರೆ. ಈ ಜ್ಞಾನ ಯಾವ ಕಚೇರಿಯ ಕಡತದಲ್ಲೂ ಇಲ್ಲ. ತಾಲ್ಲೂಕು ಕಚೇರಿಗೆ ಬಂದು ಅರ್ಜಿ ಕೊಟ್ಟವರ ಹೆಸರು ಅಲ್ಲಿ ಇರುತ್ತದೆ. ಬರಲಾರದವರ ಹೆಸರು ಇರುವುದಿಲ್ಲ. ಬಾರದವರನ್ನು ಗಮನಿಸುವ ಈ ಕಣ್ಣನ್ನು ಸಭೆಯು ತನ್ನ ಗೋಡೆಯ ಹೊರಕ್ಕೆ ತಿರುಗಿಸಬಲ್ಲುದಾದರೆ, ತನ್ನವರಲ್ಲದವರ ಗೈರುಹಾಜರಿಯನ್ನೂ ಹಾಗೆಯೇ ಗಮನಿಸಬಲ್ಲುದಾದರೆ, ಅದೇ ಇಂದಿನ ಅತ್ಯಂತ ದೊಡ್ಡ ಸೇವೆ ಎಂದು ನನ್ನ ನಂಬಿಕೆ.

ಇದನ್ನು ನಮ್ಮ ನೆಲದ ಮೇಲೆ ಇಟ್ಟು ನೋಡೋಣ. ಮಂಡ್ಯ ನಗರದಲ್ಲಿ ಕ್ರೈಸ್ತ ಸಭೆಗಳಿವೆ. ಅಂಥ ಒಂದು ಸಭೆ ಇಡೀ ಜಿಲ್ಲೆಯನ್ನು ಉದ್ಧಾರ ಮಾಡಲು ಹೊರಡದೆ ಒಂದೇ ಒಂದು ರಸ್ತೆಯನ್ನು ಆರಿಸಿಕೊಳ್ಳಲಿ. ದುದ್ದದ ರಸ್ತೆಯೇ ಆಗಲಿ. ಆ ಹೋಬಳಿಯ ಹಳ್ಳಿಗಳಲ್ಲಿ ಯಾರ ಹೆಸರು ಯಾವ ಪಟ್ಟಿಯಲ್ಲಿ ಬಿಟ್ಟುಹೋಗಿರುತ್ತದೆ?

ಮೊದಲನೆಯವರು ಮೂತ್ರಪಿಂಡ ಸೋತ ರೋಗಿಗಳು. ಅವರ ರಕ್ತವನ್ನು ವಾರಕ್ಕೆ ಎರಡು ಮೂರು ಬಾರಿ ಯಂತ್ರದ ಮೂಲಕ ಶುದ್ಧಿ ಮಾಡಬೇಕು. ಒಂದೊಂದು ಬಾರಿಗೆ ಸುಮಾರು ನಾಲ್ಕು ಗಂಟೆ. ಸರ್ಕಾರಿ ಆಸ್ಪತ್ರೆಯಲ್ಲಿ ಡಯಾಲಿಸಿಸ್‌ಗೆ ಹಣ ಕೊಡಬೇಕಾಗಿಲ್ಲ. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟೂ ಇಲ್ಲ. ಎಲ್ಲವೂ ಉಚಿತವಾಗಿದ್ದೂ ರೋಗಿ ಚಿಕಿತ್ಸೆ ತಪ್ಪಿಸುತ್ತಾನೆ, ಏಕೆ? ಒಬ್ಬನೇ ಬಸ್ಸು ಹತ್ತುವ ತ್ರಾಣವಿಲ್ಲ, ಜೊತೆಗೆ ಬರುವ ಮಗ ದಿನಗೂಲಿ ಬಿಡಬೇಕು, ಹಿಂತಿರುಗುವಾಗ ತಲೆಸುತ್ತು. ಇಲ್ಲಿ ಬೇಕಾದದ್ದು ಔಷಧವಲ್ಲ, ಒಂದು ತೋಳು. ವಾರಕ್ಕೊಂದು ದಿನ ಬಿಡುವಿರುವ ಆರೇಳು ಮಂದಿ ಸರದಿಯ ಮೇಲೆ ಒಬ್ಬ ರೋಗಿಯ ಜೊತೆ ಹೋಗಿ ಬಂದರೆ ಒಂದು ಸಂಸಾರದ ಕೂಲಿ ಉಳಿಯುತ್ತದೆ, ಒಂದು ಜೀವ ಉಳಿಯುತ್ತದೆ. ಸಭೆಯಲ್ಲಿ ದಾದಿಯೊಬ್ಬರಿದ್ದರೆ ಯಾವ ಲಕ್ಷಣಕ್ಕೆ ಹೆದರಬೇಕು, ಯಾವುದಕ್ಕೆ ಹೆದರಬೇಕಾಗಿಲ್ಲ ಎಂಬುದನ್ನು ಉಳಿದವರಿಗೆ ಹೇಳಿಕೊಡಬಲ್ಲರು.

ಎರಡನೆಯವರು, ಸಾಲದ ಹೊರೆಯಲ್ಲಿ ಗಂಡನನ್ನು ಕಳೆದುಕೊಂಡ ಹೆಂಗಸರು. 2015ರಲ್ಲಿ ಮಂಡ್ಯ ಜಿಲ್ಲೆಯ ರೈತರ ಆತ್ಮಹತ್ಯೆಗಳು ಇಡೀ ನಾಡನ್ನು ಕಲಕಿದ್ದನ್ನು ನೀವು ಮರೆತಿರಲಾರಿರಿ. ಆ ವರ್ಷವೇ ಸರ್ಕಾರ ಪರಿಹಾರಧನವನ್ನು ಐದು ಲಕ್ಷ ರೂಪಾಯಿಗೆ ಏರಿಸಿತು. ಆದರೆ ಆ ಹಣ ಕೈಸೇರಬೇಕಾದರೆ ಪೊಲೀಸರ ಪ್ರಥಮ ವರದಿ, ಶವಪರೀಕ್ಷೆಯ ವರದಿ, ಜಮೀನಿನ ಪಹಣಿ, ಸಾಲದ ದಾಖಲೆ ಇವೆಲ್ಲ ಉಪವಿಭಾಗಾಧಿಕಾರಿಗಳ ಸಮಿತಿಯ ಮುಂದೆ ಹೋಗಬೇಕು. ನಮ್ಮ ಹಳ್ಳಿಗಳಲ್ಲಿ ಪಹಣಿ ಇನ್ನೂ ಮಾವನ ಹೆಸರಿನಲ್ಲಿರುತ್ತದೆ, ಕೆಲವೊಮ್ಮೆ ಮಾವನ ತಂದೆಯ ಹೆಸರಿನಲ್ಲಿ. ಕೈಸಾಲಕ್ಕೆ ಕಾಗದವಿರುವುದಿಲ್ಲ. ಇದಾವುದನ್ನೂ ಓದಲಾರದ, ಸೂತಕದ ಮನೆಯಿಂದ ಹೊರಗೆ ಕಾಲಿಡಲು ಅಂಜುವ ಹೆಣ್ಣುಮಗಳು ಎಷ್ಟು ಬಾಗಿಲುಗಳ ಮುಂದೆ ನಿಂತಾಳು? ಸಭೆಯಲ್ಲಿ ನಿವೃತ್ತ ಗುಮಾಸ್ತರಿರುತ್ತಾರೆ, ಬ್ಯಾಂಕಿನವರಿರುತ್ತಾರೆ, ಒಬ್ಬ ವಕೀಲರೂ ಇರಬಹುದು. ಅವರು ತಿಂಗಳಿಗೆ ಎರಡು ದಿನ ಅವಳ ಜೊತೆ ಕಚೇರಿಯ ಬೆಂಚಿನ ಮೇಲೆ ಕುಳಿತರೆ ಸಾಕು. ಜೆರೂಸಲೇಮಿನ ಸಭೆಯಲ್ಲಿ ಲೆಕ್ಕದಿಂದ ಬಿಟ್ಟುಹೋದವರೂ ವಿಧವೆಯರೇ ಆಗಿದ್ದರೆಂಬುದನ್ನು ಇಲ್ಲಿ ನೆನೆಯಬಹುದು. ಎರಡು ಸಾವಿರ ವರ್ಷವಾದರೂ ಪಟ್ಟಿಗಳಿಂದ ಜಾರಿಬೀಳುವವರು ಹೆಚ್ಚು ಬದಲಾಗಿಲ್ಲ.

ಮೂರನೆಯವರು ಒಂಟಿ ಮುದುಕರು. ಮಕ್ಕಳು ಬೆಂಗಳೂರಿನ ಕಾರ್ಖಾನೆಗಳಲ್ಲಿ, ಗಾರ್ಮೆಂಟ್ಸ್‌ಗಳಲ್ಲಿ, ಆಟೋ ಓಡಿಸುವುದರಲ್ಲಿ ನೆಲೆ ಕಂಡುಕೊಂಡಿದ್ದಾರೆ. ಊರಿನಲ್ಲಿ ಬೀಗದ ಮನೆಗಳ ನಡುವೆ ಒಂದೊಂದು ದೀಪ. ಸಂಧ್ಯಾಸುರಕ್ಷಾ ಮಾಸಾಶನ ಬರುತ್ತದೆ. ಬೆರಳಚ್ಚು ಯಂತ್ರಕ್ಕೆ ಹತ್ತದಿದ್ದರೆ ನಿಲ್ಲುತ್ತದೆ. ಬದುಕೆಲ್ಲ ಮಣ್ಣು ಕೆದಕಿದ ಬೆರಳಲ್ಲಿ ಗೆರೆಗಳು ಉಳಿದಿರುವುದಾದರೂ ಎಲ್ಲಿ? ಪ್ಯಾರಿಸ್ಸಿನಲ್ಲಿ 1833ರಲ್ಲಿ ಫ್ರೆಡೆರಿಕ್ ಓಜನಾಂ ಎಂಬ ಇಪ್ಪತ್ತು ವರ್ಷದ ವಿದ್ಯಾರ್ಥಿ ಗೆಳೆಯರೊಡನೆ ಕಟ್ಟಿದ ಸಂತ ವಿನ್ಸೆಂಟ್ ದೆ ಪಾಲ್ ಸಂಘ ಇಂದು ನಮ್ಮ ನಾಡಿನ ಕ್ಯಾಥೊಲಿಕ್ ಧರ್ಮಕೇಂದ್ರಗಳಲ್ಲಿಯೂ ಇದೆ. ಬಡವರನ್ನು ನಮ್ಮ ಬಾಗಿಲಿಗೆ ಕರೆಯಬೇಡಿ, ಇಬ್ಬಿಬ್ಬರಾಗಿ ಅವರ ಮನೆಗೆ ಹೋಗಿರಿ ಎಂಬುದು ಅದರ ಮುಖ್ಯ ಪದ್ಧತಿ. ಮನೆಗೆ ಹೋದವನಿಗೆ ಕೇಳದೆಯೇ ಕಾಣುತ್ತದೆ: ಒಲೆ ಹೊತ್ತಿದೆಯೋ ಇಲ್ಲವೋ, ಮಾತ್ರೆ ಮುಗಿದಿದೆಯೋ ಇಲ್ಲವೋ, ಮಾಡು ಸೋರುತ್ತಿದೆಯೋ ಇಲ್ಲವೋ. ಬಾಗಿಲಿಗೆ ಬಂದವನು ಕೇಳಿದ್ದಷ್ಟೇ ನಮಗೆ ತಿಳಿಯುತ್ತದೆ.

ನಾಲ್ಕನೆಯವರು ಮಕ್ಕಳು. ವಾರದಲ್ಲಿ ಆರು ದಿನ ಸಭೆಯ ಕೋಣೆಗಳು ಮುಚ್ಚಿರುತ್ತವೆ. ಹಳ್ಳಿಯಿಂದ ಬಂದು ಮಂಡ್ಯದ ಕಾಲೇಜುಗಳಲ್ಲಿ ಓದುವ ಹುಡುಗ ಹುಡುಗಿಯರಿಗೆ ಸಂಜೆಯ ಬಸ್ಸಿನವರೆಗೆ ಕೂತು ಓದಲು ಒಂದು ಬೆಂಚು, ಒಂದು ದೀಪ, ಹೆಣ್ಣುಮಕ್ಕಳಿಗೆ ಒಂದು ಶೌಚಾಲಯ ಇವನ್ನು ಒದಗಿಸಲು ಹೊಸದಾಗಿ ಏನನ್ನೂ ಕಟ್ಟಬೇಕಾಗಿಲ್ಲ. ಬೀಗ ತೆಗೆದರೆ ಸಾಕು.

ಇದಕ್ಕೆಲ್ಲ ಹಣವೆಲ್ಲಿಂದ ಎಂದು ಕೇಳಬಹುದು. ಮಿಜೋರಾಮಿನ ಬೆಟ್ಟಗಳ ಸಭೆಗಳಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಿಂದ ನಡೆದುಬಂದ ಪದ್ಧತಿಯೊಂದಿದೆ. ಅಡುಗೆಗೆ ಅಕ್ಕಿ ಅಳೆಯುವಾಗಲೆಲ್ಲ ಗೃಹಿಣಿ ಒಂದು ಹಿಡಿಯನ್ನು ಬೇರೆ ಇಡುತ್ತಾಳೆ. ವಾರಕ್ಕೊಮ್ಮೆ ಅದನ್ನು ಕೂಡಿಸುತ್ತಾರೆ. ಬಡ ಹಳ್ಳಿಗಳಿಂದ ಕೂಡಿದ ಆ ಹಿಡಿಯಕ್ಕಿಯೇ ಅಲ್ಲಿನ ಸಭೆಗಳ ದೊಡ್ಡ ಆದಾಯವಾಯಿತು. ಹಿಡಿಯಕ್ಕಿ ನಮಗೆ ಹೊಸ ಮಾತೇನಲ್ಲ. ಭತ್ತದ ನಾಡಿನಲ್ಲಿ ಹಿಡಿಯಕ್ಕಿ, ರಾಗಿಯ ನಾಡಿನಲ್ಲಿ ಹಿಡಿರಾಗಿ. ಕೊಡುವವನಿಗೆ ಭಾರವಾಗದೆ, ದಿನಕ್ಕೆರಡು ಬಾರಿ ಇನ್ನೊಬ್ಬರ ಹಸಿವನ್ನು ನೆನಪಿಗೆ ತರುವ ಈ ಪದ್ಧತಿ ವರ್ಷಕ್ಕೊಮ್ಮೆ ಬರೆಯುವ ದೊಡ್ಡ ಚೆಕ್ಕಿಗಿಂತ ಹೆಚ್ಚು ಕಾಲ ಬಾಳುತ್ತದೆ.

ಇನ್ನು ಕೆಲವು ಎಚ್ಚರದ ಮಾತುಗಳು. ಇಂದಿನ ವಾತಾವರಣದಲ್ಲಿ ಕ್ರೈಸ್ತರ ಸೇವೆಯೆಂದೊಡನೆ ಅನುಮಾನಪಡುವವರು ಬಹಳ. ಆ ಅನುಮಾನಕ್ಕೆ ವಾದದಿಂದ ಉತ್ತರ ಸಿಗಲಾರದು, ನಡತೆಯಿಂದ ಸಿಗಬಹುದು. ಲೆಕ್ಕದ ಪುಸ್ತಕ ಯಾರು ಬೇಕಾದರೂ ತೆರೆದು ನೋಡುವಂತಿರಲಿ. ಯಾರಿಗೆ ನೆರವು ಬೇಕೆಂದು ತೀರ್ಮಾನಿಸುವಾಗ ಊರಿನ ಶಾಲೆಯ ಮೇಷ್ಟರು, ಅಂಗನವಾಡಿಯ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ ಜೊತೆಗಿರಲಿ. ಅವರು ಯಾವ ಮತದವರಾದರೂ ಆಗಲಿ. ಅಕ್ಕಿಯ ಚೀಲದ ಜೊತೆ ಪುಸ್ತಕ ಹೋಗಬೇಕಾಗಿಲ್ಲ. ರೋಗಿಯ ಹಾಸಿಗೆಯ ಪಕ್ಕದಲ್ಲಿ ಕೇಳದೆ ಪ್ರಾರ್ಥನೆ ಮಾಡಬೇಕಾಗಿಲ್ಲ. ಕೊಡುವವನ ದೇವರು ಯಾರೆಂದು ತಿಳಿಯುವ ಕುತೂಹಲ ಪಡೆದವನಿಗೆ ಇದ್ದರೆ ಅವನೇ ಕೇಳುತ್ತಾನೆ. ಕೇಳದಿದ್ದರೂ ಕೊಟ್ಟದ್ದು ವ್ಯರ್ಥವಲ್ಲ. ದ್ಯುಬ್ವಾ ಅವರ ಲಸಿಕೆಯನ್ನು ಮತ್ತೊಮ್ಮೆ ನೆನೆಯಿರಿ.

ಈಚೆಗೆ ಇನ್ನೊಂದು ರೋಗ ಹಬ್ಬಿದೆ. ಇದು ಕ್ರೈಸ್ತರಿಗೆ ಮಾತ್ರ ಸೇರಿದ್ದಲ್ಲ, ನಮ್ಮ ಎಲ್ಲ ಸಂಘಸಂಸ್ಥೆಗಳಿಗೂ ತಗುಲಿದೆ. ಐದು ಕಿಲೋ ಅಕ್ಕಿ ಕೊಡುವಾಗ ಹತ್ತು ಜನ ಕೈ ಮುಂದುಮಾಡಿ ಫೋಟೋ ತೆಗೆಸಿಕೊಳ್ಳುತ್ತಾರೆ. 2020ರ ಲಾಕ್‌ಡೌನ್ ಕಾಲದಲ್ಲಿ ಇಂಥ ಚಿತ್ರಗಳನ್ನು ನಾವೆಲ್ಲ ಕಂಡೆವು. ಪಡೆಯುವವನ ತಗ್ಗಿದ ಮುಖ ಊರೆಲ್ಲ ತಿರುಗಿ ಬಂದ ಮೇಲೆ ಅವನಿಗೆ ದಕ್ಕಿದ್ದು ಅಕ್ಕಿಯೋ ಅವಮಾನವೋ? ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂಬ ಮಾತು ನಮ್ಮ ಹಿರಿಯರಲ್ಲೂ ಇದೆ, ಕ್ರೈಸ್ತರ ಸುವಾರ್ತೆಯಲ್ಲೂ ಇದೆ.

ಅವರ ಸುವಾರ್ತೆಯ ಪ್ರಸಿದ್ಧವಾದ ಸಮಾರ್ಯದವನ ಕಥೆಯಲ್ಲಿ ಸಾಮಾನ್ಯವಾಗಿ ನಾವು ಗಮನಿಸದ ಒಂದು ವಿವರವಿದೆ. ಕಳ್ಳರ ಕೈಗೆ ಸಿಕ್ಕಿ ದಾರಿಯಲ್ಲಿ ಬಿದ್ದಿದ್ದವನನ್ನು ಪರಪಂಗಡದವನೊಬ್ಬ ಎತ್ತಿ, ಗಾಯ ಕಟ್ಟಿ, ಛತ್ರಕ್ಕೆ ಸೇರಿಸಿದ. ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಅವನು ಛತ್ರದವನಿಗೆ ಎರಡು ನಾಣ್ಯ ಕೊಟ್ಟು, ಹೆಚ್ಚು ಖರ್ಚಾದರೆ ತಾನು ಮರಳಿ ಬಂದಾಗ ತೀರಿಸುವುದಾಗಿ ಹೇಳಿ ಹೋದ. ಮರಳಿ ಬರುತ್ತೇನೆಂಬ ಈ ಮಾತಿನಲ್ಲಿಯೇ ಕರುಣೆಗೂ ಹೊಣೆಗೂ ಇರುವ ವ್ಯತ್ಯಾಸವಿದೆ. ಕ್ರಿಸ್‌ಮಸ್ಸಿನ ವಾರದಲ್ಲಿ ಕಂಬಳಿ ಹಂಚಿ ಮತ್ತೆ ಮುಂದಿನ ಕ್ರಿಸ್‌ಮಸ್ಸಿಗೆ ಮುಖ ತೋರಿಸುವ ಸೇವೆಗಿಂತ, ತಿಂಗಳಿಗೊಮ್ಮೆ ಬರಿಗೈಯಲ್ಲಿ ಬಂದು ಹೇಗಿದ್ದೀರಿ ಎಂದು ಕೇಳುವ ಸೇವೆ ಮೇಲು.

ಕೊನೆಯದಾಗಿ ಒಂದು ಮಾತು. ನಮ್ಮ ಒಕ್ಕಲುತನದಲ್ಲಿ 'ಮುಯ್ಯಾಳು' ಎಂಬ ಪದ್ಧತಿಯಿದೆ. ಇಂದು ನಿನ್ನ ಹೊಲದ ಕಳೆಗೆ ನಾನು ಬಂದರೆ ನಾಳೆ ನನ್ನ ಹೊಲದ ಕೊಯ್ಲಿಗೆ ನೀನು ಬರುತ್ತೀಯೆ. ಇದರಲ್ಲಿ ಯಾರೂ ದಾನಿಯಲ್ಲ, ಯಾರೂ ಭಿಕ್ಷುಕನಲ್ಲ. ಸಭೆಯ ಸೇವೆಯೂ ಮುಯ್ಯಾಳಿನಂತಾಗಬೇಕಾದರೆ ಪಡೆಯುವವನಿಂದ ಏನನ್ನಾದರೂ ಪಡೆಯುವ ವಿನಯ ಸಭೆಗೆ ಬೇಕು. ಒಂಟಿ ಮುದುಕಿಯ ಹತ್ತಿರ ಸೋಬಾನೆ ಪದಗಳಿವೆ. ಕಾಲು ಸೋತ ರೈತನಿಗೆ ಬಿತ್ತನೆಯ ಕಾಲದ ಲೆಕ್ಕವೆಲ್ಲ ಬಾಯಲ್ಲಿದೆ.

ಇದಕ್ಕೆ ಕನ್ನಡ ಸಾಹಿತ್ಯದಲ್ಲಿಯೇ ಒಂದು ದೊಡ್ಡ ಉದಾಹರಣೆಯಿದೆ. ಉತ್ತಂಗಿ ಚನ್ನಪ್ಪನವರು 1881ರಲ್ಲಿ ಧಾರವಾಡದಲ್ಲಿ ಹುಟ್ಟಿ, ಬಾಸೆಲ್ ಮಿಷನ್ನಿನ ಸಭಾಪಾಲಕರಾಗಿ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ದುಡಿದವರು. ಸಭಾಪಾಲಕನ ಕೆಲಸ ತನ್ನಲ್ಲಿರುವುದನ್ನು ಜನರಿಗೆ ಕೊಡುವುದು. ಉತ್ತಂಗಿಯವರು ಅದನ್ನು ಮಾಡುತ್ತಲೇ ಆ ಜನರ ಬಾಯಲ್ಲಿದ್ದ ಸರ್ವಜ್ಞನ ತ್ರಿಪದಿಗಳನ್ನು ಹುಡುಕಿ, ಆಯ್ದು, ಓರಣವಾಗಿ ಜೋಡಿಸಿ 1924ರಲ್ಲಿ ಪ್ರಕಟಿಸಿದರು. ಕೊಡಲು ಹೋದವರು ಜೋಳಿಗೆ ತುಂಬ ಪಡೆದುಕೊಂಡು ಬಂದರು. ಪಡೆದದ್ದನ್ನು ಇಡೀ ನಾಡಿಗೆ ಹಂಚಿದರು. 1949ರಲ್ಲಿ ಕಲಬುರ್ಗಿಯಲ್ಲಿ ಸೇರಿದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠದಲ್ಲಿ ನಾಡು ಅವರನ್ನು ಕೂರಿಸಿತು. ಅವರು ತಮ್ಮ ಮತವನ್ನು ಬಿಡಲಿಲ್ಲ, ಜನರ ಮತವನ್ನು ಕೀಳುಗಾಣಲಿಲ್ಲ. ಹಳ್ಳಿಯ ಮನುಷ್ಯ ಬರಿಯ ದುಃಖಿ ಅಲ್ಲ, ಏನನ್ನೋ ಬಲ್ಲವನು ಎಂಬ ಗೌರವ ಅವರಿಗಿತ್ತು. ಆ ಗೌರವವಿಲ್ಲದ ನೆರವು ಎಷ್ಟೇ ದೊಡ್ಡದಾದರೂ ಭಿಕ್ಷೆಯೇ.

ಆದುದರಿಂದ ಸಣ್ಣ ಊರಿನ ಸಭೆಯೊಂದು ನನ್ನಂಥ ಹೊರಗಿನವನ ಸಲಹೆ ಕೇಳುವುದಾದರೆ ನಾನು ಹೇಳುವುದು ಇಷ್ಟು. ಒಂದು ರಸ್ತೆಯನ್ನು ಆರಿಸಿಕೊಳ್ಳಿ. ಒಂದು ನೋಟುಪುಸ್ತಕವನ್ನು ಇಟ್ಟುಕೊಳ್ಳಿ. ಅದರಲ್ಲಿ ನೀವು ಕೊಟ್ಟವರ ಹೆಸರಿಗಿಂತ ಮೊದಲು, ಆ ರಸ್ತೆಯಲ್ಲಿ ಈ ತಿಂಗಳು ಯಾರು ಆಸ್ಪತ್ರೆಗೆ ಬರಲಿಲ್ಲ, ಯಾರು ಶಾಲೆಗೆ ಬರಲಿಲ್ಲ, ಯಾರ ಮಾಸಾಶನ ಬರಲಿಲ್ಲ ಎಂಬುದನ್ನು ಬರೆಯಿರಿ. ಆ ಮೇಲೆ ಇಬ್ಬಿಬ್ಬರಾಗಿ ಹೊರಡಿ. ಒಂದು ವರ್ಷ ಬಿಡದೆ ಹೋಗಿ ಬಂದರೆ ಮುಂದೆ ಏನು ಮಾಡಬೇಕೆಂಬುದನ್ನು ಆ ಮನೆಗಳವರೇ ನಿಮಗೆ ಹೇಳುತ್ತಾರೆ. ಈ ಮಾತು ಕ್ರೈಸ್ತ ಸಭೆಗೆ ಎಷ್ಟು ಸಲ್ಲುವುದೋ, ನಮ್ಮ ಮಠಗಳಿಗೆ, ಭಜನಮಂಡಳಿಗಳಿಗೆ, ಮಸೀದಿಯ ಜಮಾತುಗಳಿಗೆ, ನಮ್ಮ ಸಾಹಿತ್ಯ ಸಂಘಗಳಿಗೆ ಕೂಡ ಅಷ್ಟೇ ಸಲ್ಲುತ್ತದೆ. ನೆರೆಯುವುದು ನಮಗೆಲ್ಲರಿಗೂ ಗೊತ್ತು. ನೆರೆದವರು ಎದ್ದು ಯಾವ ಕಡೆ ಹೋಗುತ್ತಾರೆಂಬುದನ್ನು ದುದ್ದದ ರಸ್ತೆಯ ಆ ಒಂಟಿ ದೀಪದ ಮನೆಗಳು ನೋಡುತ್ತಿವೆ.